ಕಾಗದದಲ್ಲಿ ಉಳಿದ ಉಡುಪು

'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಉಣ್ಣುವುದು ನಮ್ಮ ನಾಲಿಗೆಗಾಗಿ, ಉಡುವುದು ನಾಲ್ಕು ಜನರ ಕಣ್ಣಿಗಾಗಿ ಎಂಬುದು ಅದರ ತಾತ್ಪರ್ಯ. ಆದರೆ ಆ ನಾಲ್ಕು ಜನರ ಇಚ್ಛೆ ಏನೆಂಬುದು ದೂರದ ಹಳ್ಳಿಯ ಮನೆಯೊಳಗೆ ಕುಳಿತು ಬಟ್ಟೆ ಹೊಲಿಯುವ ಹೆಂಗಸಿಗೆ ತಿಳಿಯುವುದು ಹೇಗೆ? ತಿಳಿದರೂ ಆ ಆಕಾರವನ್ನು ಅರಿವೆಯಲ್ಲಿ ಮೂಡಿಸುವುದು ಹೇಗೆ? ಈ ಪ್ರಶ್ನೆಗೆ ಹತ್ತೊಂಬತ್ತನೆಯ ಶತಮಾನದ ಅಮೆರಿಕ ಕಂಡುಕೊಂಡ ಉತ್ತರ ಬಹು ಹಗುರವಾದದ್ದು: ಒಂದು ಲಕೋಟೆ, ಅದರೊಳಗೆ ಮಡಿಸಿಟ್ಟ ಕೆಲವು ತೆಳುಕಾಗದದ ತುಂಡುಗಳು. ಆ ಕಾಗದದ ಕಥೆಯನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ. ಕನ್ನಡ ಪಾಠ ಹೇಳುವ ಮೇಷ್ಟರಿಗೂ ದರ್ಜಿಯ ಕತ್ತರಿಗೂ ಏನು ನಂಟು ಎಂದು ತಾವು ಕೇಳಬಹುದು. ನಂಟುಂಟು, ಅದನ್ನು ಕೊನೆಯಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಮೊದಲು ನಮ್ಮ ಮನೆಯ ಮಾತನ್ನೇ ತೆಗೆದುಕೊಳ್ಳೋಣ. ಹೊಸ ರವಿಕೆ ಹೊಲಿಸಬೇಕಾದಾಗ ನಮ್ಮ ಹೆಂಗಸರು ದರ್ಜಿಯ ಅಂಗಡಿಗೆ ಬಟ್ಟೆಯನ್ನು ಮಾತ್ರ ಒಯ್ಯುವುದಿಲ್ಲ. ಜೊತೆಗೆ ಚೆನ್ನಾಗಿ ಕೂಡುವ ಹಳೆಯ ರವಿಕೆಯೊಂದನ್ನೂ ಒಯ್ಯುತ್ತಾರೆ. ಅದಕ್ಕೆ 'ಅಳತೆ ರವಿಕೆ' ಎಂದೇ ಹೆಸರು. ದರ್ಜಿ ಅದನ್ನು ಹಲಗೆಯ ಮೇಲೆ ಹರವಿ, ಅದರಿಂದ ಹೊಸದಕ್ಕೆ ಗುರುತು ಹಾಕಿಕೊಳ್ಳುತ್ತಾನೆ. ಇಲ್ಲಿ ಉಡುಪೇ ಉಡುಪಿಗೆ ನಮೂನೆ. ಪದ್ಧತಿ ಒಳ್ಳೆಯದೇ. ಆದರೆ ಅದಕ್ಕೊಂದು ಮಿತಿಯಿದೆ. ಅಳತೆ ರವಿಕೆಯಿಂದ ಅಂಥದೇ ಇನ್ನೊಂದು ರವಿಕೆ ಹುಟ್ಟೀತೇ ಹೊರತು, ಎಂದೂ ನೋಡದ ಹೊಸ ಮಾದರಿ ಹುಟ್ಟಲಾರದು. ಜೊತೆಗೆ, ಉಡುಪು ಇದ್ದಲ್ಲಿಗೆ ಕತ್ತರಿ ಬರಬೇಕು, ಇಲ್ಲವೇ ಕತ್ತರಿ ಇದ್ದಲ್ಲಿಗೆ ಉಡುಪು ಹೋಗಬೇಕು. ಆಕಾರ ತಾನೊಂದೇ ಪ್ರಯಾಣ ಮಾಡಲಾರದು.

ಹೊಲಿಗೆ ಮಾನವನ ಬಹು ಹಳೆಯ ವಿದ್ಯೆ. ಅಮರಕೋಶದಲ್ಲಿ ಹೊಲಿಯುವವನಿಗೆ 'ತುನ್ನವಾಯ', 'ಸೌಚಿಕ' ಎಂಬ ಹೆಸರುಗಳಿವೆ. ಹಳೆಯ ಕನ್ನಡದಲ್ಲಿ ಅವನು 'ಚಿಪ್ಪಿಗ'. 'ದರ್ಜಿ' ಎಂಬುದು ಪಾರಸಿಯಿಂದ ಬಂದ ಮಾತು, 'ನಮೂನೆ'ಯೂ ಹಾಗೆಯೇ. ನಮ್ಮ ವಚನಕಾರರ ಪಂಕ್ತಿಯಲ್ಲಿ ಸೂಜಿಕಾಯಕದ ರಾಮಿತಂದೆಯೆಂಬ ಶರಣರೂ ಇದ್ದಾರೆ. ಹೆಸರುಗಳು ಇಷ್ಟಿದ್ದರೂ, ಬಟ್ಟೆಯನ್ನು ಹೇಗೆ ಕತ್ತರಿಸಬೇಕೆಂಬುದು ಎಲ್ಲ ದೇಶಗಳಲ್ಲಿಯೂ ಬಹುಕಾಲ ಕೈಯಿಂದ ಕೈಗೆ, ಗುರುವಿನಿಂದ ಶಿಷ್ಯನಿಗೆ ಇಳಿದು ಬಂದ ವಿದ್ಯೆಯಾಗಿತ್ತು. ಸ್ಪೇನ್ ದೇಶದ ಹುವಾನ್ ದೆ ಅಲ್ಸೆಗಾ ಎಂಬ ದರ್ಜಿ 1580ರಲ್ಲಿಯೇ ಉಡುಪುಗಳ ತುಂಡುಗಳನ್ನು ಬಟ್ಟೆಯ ಮೇಲೆ ಹೇಗೆ ಜೋಡಿಸಿ ಕತ್ತರಿಸಬೇಕೆಂಬ ಚಿತ್ರಗಳುಳ್ಳ ಗ್ರಂಥವನ್ನು ಅಚ್ಚು ಹಾಕಿಸಿದನು. ಆದರೆ ಅದು ಕಸುಬು ಬಲ್ಲವರಿಗಾಗಿ ಬರೆದ ಗ್ರಂಥ. ಪುಟದ ಮೇಲಿನ ಅಂಗೈಯಗಲದ ಚಿತ್ರವನ್ನು ನೋಡಿ ಆಳೆತ್ತರದ ಅಂಗಿಯನ್ನು ಕತ್ತರಿಸುವುದು ಮನೆಯ ಹೆಂಗಸಿನ ಕೈಗೆ ಎಟುಕುವ ಕೆಲಸವಾಗಿರಲಿಲ್ಲ.

ಇಂಥ ಸ್ಥಿತಿಯಲ್ಲಿ ಹೊಲಿಗೆಯಂತ್ರ ಬಂತು. ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ ತನ್ನ ಯಂತ್ರಕ್ಕೆ ಹಕ್ಕುಪತ್ರ ಪಡೆದನು. 1851ರಲ್ಲಿ ಐಸಾಕ್ ಸಿಂಗರ್ ತನ್ನದಕ್ಕೆ ಪಡೆದನು. 1856ರ ಹೊತ್ತಿಗೆ ಸಿಂಗರ್ ಕಂಪನಿ ಯಂತ್ರವನ್ನು ಕಂತಿನ ಮೇಲೆ ಕೊಡಲಾರಂಭಿಸಿತು. ಗಂಡಸರ ಒಂದು ಅಂಗಿಯನ್ನು ಕೈಯಿಂದ ಹೊಲಿಯಲು 14 ಗಂಟೆ 26 ನಿಮಿಷ ಬೇಕು, ಯಂತ್ರದಲ್ಲಾದರೆ 1 ಗಂಟೆ 16 ನಿಮಿಷ ಸಾಕು ಎಂದು ಆ ಕಾಲದ ಯಂತ್ರ ತಯಾರಕರೊಬ್ಬರು ಲೆಕ್ಕ ಕೊಟ್ಟರು. ಮಾರುವವರ ಲೆಕ್ಕವಾದ್ದರಿಂದ ಸ್ವಲ್ಪ ವಟ್ಟ ಕಳೆದುಕೊಂಡರೂ ವ್ಯತ್ಯಾಸ ದೊಡ್ಡದೇ. ಯಂತ್ರಗಳ ವಿಷಯದಲ್ಲಿ ಅಷ್ಟು ಎಚ್ಚರವಾಗಿದ್ದ ಗಾಂಧೀಜಿಯವರು ಕೂಡ 1924ರಲ್ಲಿ ಹೊಲಿಗೆಯಂತ್ರವನ್ನು ತಮ್ಮ ಆಕ್ಷೇಪಣೆಯಿಂದ ಹೊರಗಿಟ್ಟರು. ಆದರೆ ಯಂತ್ರ ಸುಲಭ ಮಾಡಿದ್ದು ಹೊಲಿಗೆಯನ್ನು, ಕತ್ತರಿಸುವುದನ್ನಲ್ಲ. ತಪ್ಪಾಗಿ ಹೊಲಿದರೆ ಬಿಚ್ಚಿ ಮತ್ತೆ ಹೊಲಿಯಬಹುದು. ತಪ್ಪಾಗಿ ಕತ್ತರಿಸಿದ ಬಟ್ಟೆಯನ್ನು ಬ್ರಹ್ಮನೂ ಕೂಡಿಸಲಾರ. ಯಂತ್ರ ಮನೆಮನೆಗೆ ಬಂದಷ್ಟೂ ಕತ್ತರಿಯ ಭಯ ಹೆಚ್ಚಿತು. ಕಾಗದದ ನಮೂನೆ ಹುಟ್ಟಿದ್ದು ಈ ಭಯದಿಂದ.

ಅದನ್ನು ವ್ಯಾಪಾರವಾಗಿ ಬೆಳೆಸಿದವರಲ್ಲಿ ಮೊದಲು ನೆನೆಯಬೇಕಾದ ಹೆಸರು ನ್ಯೂಯಾರ್ಕಿನ ಎಲೆನ್ ಡೆಮಾರೆಸ್ಟ್ ಎಂಬಾಕೆಯದು. ಮನೆಗೆಲಸದವಳು ಸಾಮಾನು ಕಟ್ಟುವ ಕಂದು ಕಾಗದವನ್ನು ಕತ್ತರಿಸಿ ಅಂಗಿಯ ನಮೂನೆ ಮಾಡಿಕೊಳ್ಳುತ್ತಿದ್ದುದನ್ನು ಕಂಡು ಆಕೆಗೆ ಈ ಯೋಚನೆ ಹೊಳೆಯಿತೆಂದು ಹೇಳುತ್ತಾರೆ. 1860ರಲ್ಲಿ ಆಕೆ ಮತ್ತು ಆಕೆಯ ಪತಿ ಉಡುಪಿನ ಪತ್ರಿಕೆಯೊಂದನ್ನು ಹೊರಡಿಸಿ ಅದರೊಡನೆ ನಮೂನೆಗಳನ್ನು ಹಂಚಲಾರಂಭಿಸಿದರು. ಗುಲಾಮಗಿರಿಯ ಪ್ರಶ್ನೆಯಿಂದ ಆ ದೇಶ ಒಡೆದು ಹೋಗುತ್ತಿದ್ದ ಕಾಲದಲ್ಲಿ ಈ ದಂಪತಿಗಳು ಕಪ್ಪು ಹೆಂಗಸರನ್ನೂ ಬಿಳಿಯರೊಡನೆ ಸಮಾನವಾಗಿ ಕೆಲಸಕ್ಕೆ ಇಟ್ಟುಕೊಂಡಿದ್ದರೆಂಬುದು ಇತಿಹಾಸದಲ್ಲಿ ದಾಖಲಾಗಿದೆ. ಸೂಜಿಯ ಕೆಲಸಕ್ಕೆ ಒಪ್ಪುವ ನಡತೆಯೇ ಇದು.

ಆದರೆ ನಮೂನೆಗೆ ಕ್ರಮವಾದ ಅಳತೆಗಳ ಶ್ರೇಣಿಯನ್ನು ಕೊಟ್ಟು ಅದನ್ನು ಲೋಕವ್ಯಾಪಕ ಮಾಡಿದವನು ಮ್ಯಾಸಚೂಸೆಟ್ಸ್ ಪ್ರಾಂತದ ಸ್ಟರ್ಲಿಂಗ್ ಎಂಬ ಊರಿನ ಎಬೆನೆಜರ್ ಬಟರಿಕ್. ಕಸುಬಿನಿಂದ ದರ್ಜಿ. ಅವನ ಹೆಂಡತಿ ಮಗುವಿಗೆ ಚೌಕಳಿ ಬಟ್ಟೆಯ ಅಂಗಿ ಹೊಲಿಯಲು ಕುಳಿತು, ಮಗುವಿನ ಅಳತೆಗೆ ಸರಿಯಾದ ನಮೂನೆ ಸಿಗದೆ ಬೇಸತ್ತಳೆಂದೂ, ಅವಳ ಆ ಮಾತೇ ಗಂಡನ ಬುದ್ಧಿಗೆ ಚುಚ್ಚಿತೆಂದೂ ಕಥೆ. ಕಥೆ ಹೇಗೇ ಇರಲಿ, 1863ರಲ್ಲಿ ಬಟರಿಕ್ ಅಳತೆವಾರು ನಮೂನೆಗಳನ್ನು ಮಾರಾಟಕ್ಕೆ ತಂದದ್ದು ನಿಜ. ಮೊದಲು ದಪ್ಪ ಕಾಗದದಲ್ಲಿ ಕತ್ತರಿಸಿ ನೋಡಿದನು. ಮಡಿಸಿ ಅಂಚೆಗೆ ಹಾಕಲು ಅದು ಒಗ್ಗಲಿಲ್ಲ. ತೆಳುಕಾಗದ ಒಗ್ಗಿತು. ಮರುವರ್ಷವೇ ಅಂಗಡಿ ನ್ಯೂಯಾರ್ಕಿಗೆ ಹೋಯಿತು. ಮಕ್ಕಳ ಹಾಗೂ ಗಂಡಸರ ಉಡುಪಿನಿಂದ ಆರಂಭವಾದ ವ್ಯಾಪಾರ 1866ರಲ್ಲಿ ಹೆಂಗಸರ ಉಡುಪಿಗೆ ಕೈಹಾಕಿತು. 1873ರಲ್ಲಿ ಈ ಕಂಪನಿ ಆರಂಭಿಸಿದ 'ಡೆಲಿನಿಯೇಟರ್' ಪತ್ರಿಕೆ ಮುಂದೆ ಲಕ್ಷಾಂತರ ಮನೆಗಳನ್ನು ಹೊಕ್ಕಿತು. ಕಾದಂಬರಿಕಾರ ಥಿಯೊಡೋರ್ ಡ್ರೈಸರ್ 1907ರಿಂದ 1910ರವರೆಗೆ ಅದರ ಸಂಪಾದಕನಾಗಿದ್ದನು. 1870ರಲ್ಲಿ ಸ್ಕಾಟ್ಲೆಂಡಿನಿಂದ ಬಂದ ದರ್ಜಿ ಜೇಮ್ಸ್ ಮೆಕ್‌ಕಾಲ್ ಇದೇ ಉದ್ಯೋಗಕ್ಕೆ ಇಳಿದನು. 1899ರಲ್ಲಿ 'ವೋಗ್' ಪತ್ರಿಕೆ 50 ಸೆಂಟುಗಳಿಗೆ ನಮೂನೆ ಕೊಡಲಾರಂಭಿಸಿತು. 1927ರಲ್ಲಿ ಹುಟ್ಟಿದ 'ಸಿಂಪ್ಲಿಸಿಟಿ' 15 ಸೆಂಟುಗಳಿಗೇ ಕೊಟ್ಟು ಬಡವರ ಮನೆಯನ್ನು ತಲುಪಿತು.

ಈ ನಮೂನೆಗಳನ್ನು ಓದುವುದೂ ಒಂದು ವಿದ್ಯೆಯೇ ಆಗಿತ್ತು. ಇಂದಿನವರು ಕಂಡಂತೆ ಅವುಗಳ ಮೇಲೆ ಗೆರೆಯಿಲ್ಲ, ಅಕ್ಷರವಿಲ್ಲ. ಬಿಳಿಯ ತೆಳುಕಾಗದದಲ್ಲಿ ಸಣ್ಣ ದೊಡ್ಡ ತೂತುಗಳು, ಅಂಚಿನಲ್ಲಿ ಸಣ್ಣ ಕಚ್ಚುಗಳು, ಅಷ್ಟೇ ಲಿಪಿ. ಒಂದು ಸಾಲು ತೂತು ಬಟ್ಟೆಯ ಹಾಸಿನ ದಿಕ್ಕನ್ನು ಹೇಳುತ್ತಿತ್ತು; ಇನ್ನೊಂದು ಜೋಡಿ ನೆರಿಗೆಯ ಜಾಗವನ್ನು; ಅಂಚಿನ ಕಚ್ಚು, ತೋಳು ಹೆಗಲಿಗೆ ಎಲ್ಲಿ ಕೂಡಬೇಕೆಂಬುದನ್ನು. ತೆಳುಕಾಗದಗಳನ್ನು ಒಂದರ ಮೇಲೊಂದು ಅಡಕಿ ಒಟ್ಟಿಗೆ ಕತ್ತರಿಸಿ ತೂತು ಹೊಡೆಯುತ್ತಿದ್ದರು, ಹಾಗಾಗಿ ಅಗ್ಗ. ಸೂಚನೆಗಳೆಲ್ಲ ಲಕೋಟೆಯ ಬೆನ್ನಿನ ಮೇಲೆ ಕೆಲವೇ ಸಾಲುಗಳಲ್ಲಿ. ಛಂದಸ್ಸಿನ ಪ್ರಸ್ತಾರ ಹಾಕಬಲ್ಲವನಿಗೆ ಲಘು ಗುರುಗಳು ಕಂಡಂತೆ, ಪಳಗಿದ ಕೈಗೆ ಮಾತ್ರ ಆ ತೂತುಗಳು ಮಾತಾಡುತ್ತಿದ್ದವು. 1920ರ ಸುಮಾರಿನಲ್ಲಿ ಬಟರಿಕ್ ಕಂಪನಿ ಪ್ರತ್ಯೇಕ ಸೂಚನಾಪತ್ರವನ್ನು ಲಕೋಟೆಯಲ್ಲಿ ಸೇರಿಸಿತು. ಅದೇ ಕಾಲಕ್ಕೆ ಮೆಕ್‌ಕಾಲ್ ಕಂಪನಿ ಕಾಗದದ ಮೇಲೆಯೇ ಗೆರೆಗಳನ್ನೂ ಅಕ್ಷರಗಳನ್ನೂ ಅಚ್ಚು ಹಾಕಿತು. ಆದರೂ ಕೆಲವು ಕಂಪನಿಗಳು 1940ರ ದಶಕದವರೆಗೂ ತೂತಿನ ಲಿಪಿಯನ್ನು ಬಿಡಲಿಲ್ಲ.

ಇನ್ನು ಕಾಲಕಾಲದ ಉಡುಪಿನ ಮಾತು. ಹಳೆಯ ಲಕೋಟೆಗಳನ್ನು ವರುಷದ ಕ್ರಮದಲ್ಲಿ ಜೋಡಿಸಿಟ್ಟರೆ ಕಾಣುವುದು ಬರಿಯ ಬೆಡಗಲ್ಲ. ಆ ನಾಡಿನ ಸುಖದುಃಖ. 1870 ಮತ್ತು 1880ರ ದಶಕಗಳಲ್ಲಿ ಲಂಗದ ಹಿಂಬದಿಯನ್ನು ಒಳಗಿನ ಚೌಕಟ್ಟಿನಿಂದ ಉಬ್ಬಿಸುತ್ತಿದ್ದರು. 1895ರ ಸುಮಾರಿಗೆ ಉಬ್ಬು ಅಲ್ಲಿಂದ ಎದ್ದು ಹೆಗಲಿಗೆ ಬಂದು, ತೋಳುಗಳು ಕುಂಬಳದಷ್ಟು ದಪ್ಪವಾದವು. ಇಂಥ ಉಡುಪಿನಲ್ಲಿ ತುಂಡುಗಳ ಸಂಖ್ಯೆ ಹೆಚ್ಚು, ಒಳಪದರ ಹೆಚ್ಚು, ದುಡಿಮೆಯೂ ಹೆಚ್ಚು. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಎಲ್ಲವೂ ಕಳಚಿಬಿತ್ತು. 1920ರ ದಶಕದ ಉಡುಪು ನೆಟ್ಟಗಿನ ಚೀಲದಂತೆ, ಸೊಂಟದ ಗೆರೆ ಇಳಿದು ಕಟಿಯ ಮೇಲೆ ಕುಳಿತಿತು, ಅಂಚು ಮೇಲೇರಿತು. ನೋಡಿದ ಹಿರಿಯರು ಹುಬ್ಬು ಗಂಟಿಕ್ಕಿದರು. ಆದರೆ ಹೊಲಿಯುವ ಹೆಂಗಸಿಗೆ ಅದು ವರವಾಯಿತು. ಪೆನ್ಸಿಲ್ವೇನಿಯದ ಸ್ಕ್ರಾಂಟನ್ ನಗರದಲ್ಲಿ ಮೇರಿ ಬ್ರೂಕ್ಸ್ ಪಿಕನ್ ಎಂಬಾಕೆ ಅಂಚೆಯ ಮೂಲಕ ಹೊಲಿಗೆ ಕಲಿಸುವ ಸಂಸ್ಥೆಯನ್ನು ಕಟ್ಟಿ, 'ಒಂದು ಗಂಟೆಯ ಉಡುಪು' ಎಂಬ ಹೆಸರಿನಲ್ಲಿಯೇ ಪಾಠ ಹೇಳಿದಳು. ಉಡುಪು ಸರಳವಾದಾಗ ಅದನ್ನು ಹೊಲಿಯಬಲ್ಲವರ ಸಂಖ್ಯೆ ಬೆಳೆಯಿತು; ಶ್ರೀಮಂತೆಗೂ ಕೂಲಿಯವಳಿಗೂ ನೋಟದಲ್ಲಿ ಅಂತರ ಕಡಮೆಯಾಯಿತು.

1930ರ ದಶಕದಲ್ಲಿ ಬಟ್ಟೆಯನ್ನು ಹಾಸು ಹೊಕ್ಕುಗಳಿಗೆ ಓರೆಯಾಗಿ ಕತ್ತರಿಸುವ ಕ್ರಮ ಮೆರೆಯಿತು. ನಮ್ಮ ದರ್ಜಿಗಳು ಇದನ್ನು ಕ್ರಾಸ್ ಕಟಿಂಗ್ ಎನ್ನುತ್ತಾರೆ. ಹಾಗೆ ಕತ್ತರಿಸಿದ ಬಟ್ಟೆ ಸ್ವಲ್ಪ ಎಳೆಯುವ ಗುಣ ಪಡೆದು ಮೈಯನ್ನು ನೀರಿನಂತೆ ಅನುಸರಿಸುತ್ತದೆ. ಪ್ಯಾರಿಸಿನ ಮಾದಲೀನ್ ವಿಯೊನೇ ಎಂಬಾಕೆ ಇದರಲ್ಲಿ ಪ್ರವೀಣೆ. ಆದರೆ ಅದು ಆರ್ಥಿಕ ಮುಗ್ಗಟ್ಟಿನ ದಶಕವೂ ಹೌದು. ಅಮೆರಿಕದ ಹಳ್ಳಿಗಳಲ್ಲಿ ಹಿಟ್ಟಿನ ಚೀಲ, ಕೋಳಿಯ ಮೇವಿನ ಚೀಲಗಳನ್ನು ಬಿಚ್ಚಿ ಮಕ್ಕಳ ಅಂಗಿ ಹೊಲಿಯುತ್ತಿದ್ದರು. ಇದನ್ನರಿತ ಚೀಲದ ವ್ಯಾಪಾರಿಗಳು ಚೀಲದ ಮೇಲೆ ಹೂವಿನ ಚಿತ್ರಗಳನ್ನು ಅಚ್ಚು ಹಾಕಿಸಿದರು. ಹೊಟ್ಟೆಗೆ ಹಿಟ್ಟು ಮುಗಿದ ಮೇಲೆ ಹಿಟ್ಟಿನ ಚೀಲ ಮೈಗೆ ಬಂತು. ಬಡತನಕ್ಕೂ ಅಂದದ ಆಸೆಗೂ ಹಗೆತನವಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಎರಡನೆಯ ಮಹಾಯುದ್ಧದ ಕಾಲದ ನಮೂನೆಗಳಂತೂ ಸರ್ಕಾರದ ಆಜ್ಞಾಪತ್ರಗಳಂತೆ ಓದಿಸಿಕೊಳ್ಳುತ್ತವೆ. ಬ್ರಿಟನ್ನಿನಲ್ಲಿ 1941ರ ಜೂನ್ 1ರಂದು ಬಟ್ಟೆಗೆ ರೇಷನ್ ಬಂತು. ಮೊದಲ ವರ್ಷ ಒಬ್ಬರಿಗೆ 66 ಕೂಪನುಗಳು. ಹೆಂಗಸಿನ ಒಂದು ಉಣ್ಣೆಯ ಉಡುಪಿಗೇ 11 ಬೇಕು. ಈ ಕಟ್ಟು ಸಡಿಲವಾದದ್ದು 1949ರಲ್ಲಿ. ಅಮೆರಿಕದಲ್ಲಿ 1942ರ 'ಎಲ್-85' ಎಂಬ ಆಜ್ಞೆ ಲಂಗದ ಘೇರಿಗೂ ಅಂಚಿನ ಮಡಿಕೆಗೂ ಮಿತಿ ಹಾಕಿತು. ಆ ವರ್ಷಗಳ ಲಕೋಟೆಗಳಲ್ಲಿ ಲಂಗ ಕಿರಿದು, ಅಂಚು ಮೊಳಕಾಲಿನ ಮಟ್ಟ, ಹೆಗಲು ಸಿಪಾಯಿಯಂತೆ ಚೌಕ. ಯುದ್ಧಕ್ಕೆ ಹೋದ ಗಂಡನ ಕೋಟು ಷರಾಯಿಗಳನ್ನು ಬಿಚ್ಚಿ ಹೆಂಡತಿಯ ಉಡುಪು ಮಾಡಿಕೊಳ್ಳುವ ನಮೂನೆಗಳೂ ಮಾರಾಟವಾದವು. ಆ ಕೋಟನ್ನು ಬಿಚ್ಚುವಾಗ ಎಷ್ಟು ಕೈಗಳು ನಡುಗಿದವೋ! ಅಂಗಿಯ ಯಜಮಾನ ತಿರುಗಿ ಬರುವನೆಂಬ ನಂಬಿಕೆಗೂ, ಉಡಲು ಬೇರೆ ಇಲ್ಲವೆಂಬ ಅಗತ್ಯಕ್ಕೂ ನಡುವೆ ಒಂದು ಕತ್ತರಿ.

ಈ ಬಿಗಿಗೆ ಪ್ರತಿಯಾಗಿ 1947ರ ಫೆಬ್ರವರಿ 12ರಂದು ಪ್ಯಾರಿಸಿನಲ್ಲಿ ಕ್ರಿಶ್ಚಿಯನ್ ಡಿಯೋರ್ ತನ್ನ ಹೊಸ ಉಡುಪುಗಳನ್ನು ತೋರಿಸಿದನು. ಸಣ್ಣ ಸೊಂಟ, ಮೀನಖಂಡದವರೆಗೆ ಇಳಿಯುವ ಗಜಗಟ್ಟಲೆ ಬಟ್ಟೆಯ ಲಂಗ. ಇನ್ನೂ ಕೂಪನು ಎಣಿಸುತ್ತಿದ್ದ ಜನ ಕೆಲವರು ಸಿಟ್ಟಾದರು, ಹಲವರು ಆಸೆಪಟ್ಟರು. ನಮೂನೆಯ ಕಂಪನಿಗಳು ಆಸೆಪಟ್ಟವರ ಪಕ್ಷ ಹಿಡಿದವು. 1952ರಲ್ಲಿ ಬಟರಿಕ್ ಹೊರತಂದ ಒಂದು ಉಡುಪಿಗೆ ಬಂದ ಹೆಸರು ವಿನೋದವಾದದ್ದು. ಬೆಳಗಿನ ಉಪಾಹಾರ ಮುಗಿಸಿ ಹೊಲಿಯಲು ಕುಳಿತರೆ ಮಧ್ಯಾಹ್ನದ ಊಟದ ಹೊತ್ತಿಗೆ ಅದನ್ನು ತೊಟ್ಟು ಹೊರಟೇ ಬಿಡಬಹುದೆಂದು ಅದನ್ನು 'ನಡೆದು ಹೊರಡುವ ಉಡುಪು' ಎಂದು ಕರೆದರು. 1960ರ ದಶಕದಲ್ಲಿ ಅಂಚು ಮೊಳಕಾಲನ್ನು ದಾಟಿ ಮೇಲೇರಿತು, ಉಡುಪು ಮತ್ತೆ ಸರಳವಾಯಿತು. ಅಲ್ಲಿಂದಾಚೆಗೆ ಹೆಂಗಸರು ಹೊರಗಿನ ಕೆಲಸಕ್ಕೆ ಹೋದರು, ಸಿದ್ಧ ಉಡುಪು ಅಗ್ಗವಾಯಿತು, ಮನೆಯ ಯಂತ್ರಕ್ಕೆ ಧೂಳು ಹಿಡಿಯಿತು. 2001ರಲ್ಲಿ ಬಟರಿಕ್ ಮತ್ತು ವೋಗ್ ನಮೂನೆಗಳು ಮೆಕ್‌ಕಾಲ್ ಕಂಪನಿಯ ಪಾಲಾದವು. ಮೂರು ಮನೆ ಒಂದೇ ಒಲೆಗೆ ಬಂದವು.

ಹಳೆಯ ನಮೂನೆಯನ್ನು ಇಂದು ಹೊಲಿಯ ಹೊರಟವರಿಗೆ ಒಂದು ಎಚ್ಚರಿಕೆ ಅವಶ್ಯ. ಲಕೋಟೆಯ ಮೇಲಿನ ಅಳತೆಯ ಸಂಖ್ಯೆಯನ್ನು ನಂಬಬಾರದು. ಎದೆಯಳತೆ 34 ಅಂಗುಲವಿದ್ದ ಹೆಂಗಸಿಗೆ 1950ರ ದಶಕದ ಆರಂಭದಲ್ಲಿ 16ನೆಯ ನಂಬರು; ಆ ದಶಕದ ನಡುವಿನಿಂದ 14; 1967-68ರ ಬದಲಾವಣೆಯ ನಂತರ 12. ಮೈ ಅದೇ, ಸಂಖ್ಯೆ ಮಾತ್ರ ಇಳಿಯಿತು. ಆದ್ದರಿಂದ ಸಂಖ್ಯೆಯನ್ನು ಬಿಟ್ಟು ಅಂಗುಲವನ್ನು ನೋಡುವುದೇ ಜಾಣತನ. ಇನ್ನೊಂದು ಮಾತು: ಹಳೆಯ ತೆಳುಕಾಗದಕ್ಕೆ ನೇರವಾಗಿ ಗುಂಡುಸೂಜಿ ಚುಚ್ಚಬಾರದು, ಬೇರೆ ಕಾಗದದ ಮೇಲೆ ಅದರ ಪ್ರತಿ ತೆಗೆದುಕೊಂಡು, ಮೂಲವನ್ನು ಮಡಿಸಿಡಬೇಕು.

ಮೂಲವನ್ನು ಉಳಿಸುವುದರಲ್ಲಿ ಅಷ್ಟೇನು ಮಹತ್ವವೆಂದು ತಾವು ಕೇಳಬಹುದು. ರಾಣಿಯರ ಉಡುಪು ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿದೆ. ಸಾಮಾನ್ಯ ಗೃಹಿಣಿಯ ಉಡುಪು ಎಲ್ಲಿ? ಅದು ಸವೆದು, ಮಗುವಿನ ಅಂಗಿಯಾಗಿ, ಕೌದಿಯ ತುಂಡಾಗಿ, ಕೊನೆಗೆ ನೆಲ ಒರೆಸುವ ಬಟ್ಟೆಯಾಗಿ ಮುಗಿದುಹೋಯಿತು. ಅದರ ಆಕಾರ ಉಳಿದಿರುವುದು ಕಾಗದದಲ್ಲಿ ಮಾತ್ರ. ಇದನ್ನು ಅರಿತ ಕೆಲವರು, ಅವರಲ್ಲಿ ರೋಡ್ ಐಲೆಂಡ್ ವಿಶ್ವವಿದ್ಯಾಲಯದ ಜಾಯ್ ಸ್ಪಾನಬೆಲ್ ಎಮರಿ ಅವರು ಮುಖ್ಯರು, ಹಳೆಯ ನಮೂನೆಗಳನ್ನು ಕೂಡಿಹಾಕಿ, ಕಾಲಾನುಕ್ರಮದಲ್ಲಿ ವಿಂಗಡಿಸಿ, ದೊಡ್ಡ ಭಂಡಾರವನ್ನೇ ಕಟ್ಟಿದರು. ಎಮರಿ ಅವರು 2014ರಲ್ಲಿ ಈ ಉದ್ಯಮದ ಇತಿಹಾಸವನ್ನೂ ಬರೆದು ಪ್ರಕಟಿಸಿದರು. ಯಾರೂ ಮುಟ್ಟದ ಹೊಸ ಲಕೋಟೆಗೆ ಕೊಳ್ಳುವವರು ಹೆಚ್ಚು ಬೆಲೆ ಕಟ್ಟಬಹುದು. ಆದರೆ ನನ್ನ ಮಟ್ಟಿಗೆ, ಕತ್ತರಿಸಿ ಬಳಸಿದ, ಪೆನ್ಸಿಲಿನಿಂದ ಸೊಂಟಕ್ಕೆ ಅರ್ಧ ಅಂಗುಲ ಕೂಡಿಸಿಕೊಂಡ ನಮೂನೆಯೇ ದೊಡ್ಡ ದಾಖಲೆ. ಅಲ್ಲಿ ಒಬ್ಬಾಕೆ ಇದ್ದಾಳೆ.

ಈಗ ನನ್ನ ಅರಿಕೆ. ನಮ್ಮ ತಾಯಿ ಯಾವ ಕಂಪನಿಯ ನಮೂನೆಯನ್ನೂ ಕಂಡವರಲ್ಲ. ಆದರೆ ಮನೆಯಲ್ಲಿ ಒಂದು ಕೈಯಂತ್ರವಿತ್ತು. ಕೇರಿಯ ಮಕ್ಕಳ ಲಂಗ, ಚಡ್ಡಿ, ಹೆಂಗಸರ ರವಿಕೆ ಎಲ್ಲವನ್ನೂ ಅವರೇ ಹೊಲಿಯುತ್ತಿದ್ದರು. ಒಮ್ಮೆ ಚೆನ್ನಾಗಿ ಕೂತ ಆಕಾರವನ್ನು ಹಳೆಯ ವೃತ್ತಪತ್ರಿಕೆಯಲ್ಲಿ ಕತ್ತರಿಸಿ, ಮೇಲೆ ಯಾರದೆಂದು ಬರೆದು, ಬಟ್ಟೆಯ ದಾರದಿಂದ ಕಟ್ಟಿ ಟ್ರಂಕಿನಲ್ಲಿಡುತ್ತಿದ್ದರು. 'ಎಡ ಹೆಗಲು ಇಳಿದಿದೆ', 'ಬಸುರಿ, ಮೂರು ಬೆರಳು ಬಿಡು' ಎಂದು ಅಂಚಿನಲ್ಲಿ ಪೆನ್ಸಿಲಿನ ಟಿಪ್ಪಣಿ. ಅವರು ತೀರಿಕೊಂಡ ಮೇಲೆ ಮನೆ ತೆರವು ಮಾಡುವಾಗ ಆ ಕಟ್ಟುಗಳನ್ನು ರದ್ದಿಯವನಿಗೆ ತೂಕಕ್ಕೆ ಹಾಕಿದವನು ನಾನೇ. ಅದೇ ದಿನ ಅಜ್ಜನ ಕಾಲದ ಓಲೆಗರಿಯ ಕಟ್ಟೊಂದನ್ನು, ಅದರ ಪಾಠ ಅಚ್ಚಾದ ಪುಸ್ತಕದಲ್ಲಿ ಎಲ್ಲರಿಗೂ ದೊರೆಯುವಂಥದು, ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಜೋಪಾನವಾಗಿ ಎತ್ತಿಟ್ಟೆ. ಹಸ್ತಪ್ರತಿಯ ಬೆಲೆಯನ್ನು ವರ್ಷಾನುಗಟ್ಟಲೆ ಮಕ್ಕಳಿಗೆ ಬೋಧಿಸಿದವನಿಗೆ ತಾಯಿಯ ಹಸ್ತಪ್ರತಿ ಕಣ್ಣಿಗೆ ಬೀಳಲಿಲ್ಲ. ತಿಂಗಳಾದ ಮೇಲೆ ತಂಗಿ ಬಂದು, "ಅಣ್ಣಾ, ಅಮ್ಮನ ಅಳತೆ ಕಾಗದ ಎಲ್ಲಿ?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಆದ್ದರಿಂದ ಓದುಗರಲ್ಲಿ ಒಂದು ಬಿನ್ನಹ. ತಮ್ಮ ಮನೆಯ ಅಟ್ಟದ ಮೇಲೋ ಟ್ರಂಕಿನ ತಳದಲ್ಲೋ ಇಂಥ ಕಾಗದಗಳಿದ್ದರೆ, ಕತ್ತರಿಸಿದವರು ಯಾರು, ಯಾರ ಮೈಯ ಅಳತೆ, ಯಾವ ವರ್ಷ ಎಂಬುದನ್ನು ಹಿರಿಯರನ್ನು ಕೇಳಿ ಅದರ ಮೇಲೆಯೇ ಬರೆದಿಡಿ. ಕೇಳುವುದನ್ನು ಮುಂದಕ್ಕೆ ಹಾಕಬೇಡಿ. ಕಾಗದ ಕೆಲವು ವರ್ಷ ಕಾಯಬಹುದು, ಹೇಳಬಲ್ಲವರು ಕಾಯುವುದಿಲ್ಲ.